ಭಾವನ ಹೆಸರಿನ ಗ್ಯಾಸು

ತಿಪಟೂರಿನ ನಮ್ಮಕ್ಕನ ಮೊಬೈಲಿಗೆ ಒಂದು ಸಂದೇಶ ಬಂತು. ಗ್ಯಾಸ್ ಕಂಪನಿಯದು. ‘ಮಾನ್ಯ ಗ್ರಾಹಕರೇ, ತಾವು ಇನ್ನೂ ಇ-ಕೆವೈಸಿ ಮಾಡಿಸಿಲ್ಲ, ಆಧಾರ್ ಕಾರ್ಡಿನೊಂದಿಗೆ ಏಜೆನ್ಸಿಗೆ ಬನ್ನಿ’ ಅಂತ. ಅದರಲ್ಲಿ ಇದ್ದದ್ದು ನಮ್ಮ ಭಾವನವರ ಹೆಸರು. ಭಾವ ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

ಅಕ್ಕ ನನಗೆ ಫೋನ್ ಮಾಡಿ, “ಅವರನ್ನ ಕರ್ಕೊಂಡು ಬಾ ಅಂತಾರಲ್ಲೋ, ಎಲ್ಲಿಂದ ಕರ್ಕೊಂಡು ಹೋಗ್ಲಿ?” ಅಂದಳು. ನಗುತ್ತಲೇ ಅಂದದ್ದು, ಆದರೆ ಕೊನೆಗೆ ದನಿ ಒಂದಿಷ್ಟು ಸಣ್ಣದಾಯಿತು.

ಇಷ್ಟು ವರ್ಷ ಹೇಗೆ ನಡೆಯಿತು ಅಂತ ಕೇಳಬಹುದು. ಸುಮ್ಮನೆ ನಡೆಯಿತು. ಭಾವನ ಸಿಮ್ಮು ಅಕ್ಕನ ಫೋನಿನಲ್ಲೇ ಇದೆ. ಆ ನಂಬರಿನಿಂದ ಬುಕ್ ಮಾಡಿದರೆ ಹುಡುಗ ಸಿಲಿಂಡರ್ ತಂದು ಇಳಿಸುತ್ತಾನೆ, ಹಣ ತೆಗೆದುಕೊಂಡು ಹೋಗುತ್ತಾನೆ. ಬುಕ್ ಮಾಡಿದವರು ಬದುಕಿದ್ದಾರೋ ಇಲ್ಲವೋ ಅಂತ ಯಾರೂ ಕೇಳುವುದಿಲ್ಲ. ನಮ್ಮ ಊರುಗಳಲ್ಲಿ ಹೀಗೆ ತೀರಿಕೊಂಡವರ ಹೆಸರಿನಲ್ಲಿ ಅನ್ನ ಬೇಯುತ್ತಿರುವ ಮನೆಗಳು ಎಷ್ಟಿವೆಯೋ. ಓದುತ್ತಿರುವ ಅಜ್ಜ ಅಜ್ಜಿಯರೇ, ನಿಮ್ಮ ಪುಸ್ತಕವನ್ನೂ ಒಮ್ಮೆ ತೆಗೆದು ನೋಡಿ.

ಅಕ್ಕನಿಗೆ ಆಗ ಎಪ್ಪತ್ತೊಂಬತ್ತು. ಅವಳ ಮಗ, ಅಂದರೆ ನನ್ನ ಸೋದರಳಿಯ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದಾನೆ. ಹಿಂದಿನ ಮಳೆಗಾಲದಲ್ಲಿ ಅವಳು ಹಿತ್ತಲಲ್ಲಿ ಜಾರಿ ಬಿದ್ದಾಗಿನಿಂದ “ಬಂದುಬಿಡಮ್ಮ” ಅಂತ ಒಂದೇ ಸಮ ಕರೆಯುತ್ತಿದ್ದ. ಅವಳು ಕೊನೆಗೂ ಹೂಂ ಅಂದಿದ್ದಳು. ಮನೆಯನ್ನು ಬಾಡಿಗೆಗೆ ಕೊಡುವುದು, ಗ್ಯಾಸ್ ಸಂಪರ್ಕವನ್ನು ವಾಪಸ್ ಮಾಡುವುದು ಎಂದು ಮಾತಾಗಿತ್ತು. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಗುಮಾಸ್ತಿಕೆ ಮಾಡಿದವನು, ಕಾಗದಪತ್ರ ಗೊತ್ತಿದ್ದವನು ಅಂತ ಆ ಕೆಲಸ ನನ್ನ ತಲೆಗೆ ಬಿತ್ತು. ದಸರಾ ರಜೆ ಬಂದಿತ್ತು. ಏಳನೇ ಕ್ಲಾಸಿನ ಮೊಮ್ಮಗನೂ ನನ್ನ ಜೊತೆ ರೈಲು ಹತ್ತಿದ.

ಭಾವ ಹೈಸ್ಕೂಲ್ ಮೇಷ್ಟ್ರು. ಗ್ಯಾಸಿಗೆ ಹೆಸರು ಬರೆಸಿ ನಾಲ್ಕು ವರ್ಷ ಕಾದು, 1991ರಲ್ಲಿ ಸಂಪರ್ಕ ಪಡೆದವರು. ಈಗಿನ ಮಕ್ಕಳಿಗೆ ಇದು ನಂಬುವ ಮಾತಲ್ಲ. ಆಗ ಗ್ಯಾಸಿಗೆ ವರ್ಷಗಟ್ಟಲೆ ಸರದಿ ಇತ್ತು. ಸಂಸತ್ ಸದಸ್ಯರಿಗೆ ಇಂತಿಷ್ಟು ಅಂತ ಗ್ಯಾಸ್ ಕೂಪನ್ ಇರುತ್ತಿತ್ತು, ಅದೊಂದು ಸಿಗಲಿ ಅಂತ ಜನ ಅವರ ಮನೆ ಬಾಗಿಲು ಕಾಯುತ್ತಿದ್ದರು. ಭಾವ ಯಾರ ಬಾಗಿಲಿಗೂ ಹೋಗಲಿಲ್ಲ. ಅಲ್ಲಿಯವರೆಗೆ ಅಕ್ಕನ ಒಲೆಗೆ ತೆಂಗಿನ ಮಟ್ಟೆ, ಸೋಗೆ, ಕರಟ. ಕೊಬ್ಬರಿಯ ಊರಿನಲ್ಲಿ ಸೌದೆಗೆ ಬರವಿಲ್ಲ, ಆದರೆ ಹೊಗೆಗೂ ಬರವಿರಲಿಲ್ಲ. ಸಿಲಿಂಡರ್ ಬಂದ ದಿನ ಭಾವ ಅದಕ್ಕೆ ಅರಿಶಿನ ಕುಂಕುಮ ಇಡಿಸಿ, ಅಕ್ಕನ ಕೈಗೆ ಲೈಟರ್ ಕೊಟ್ಟು ತಾವು ಎರಡು ಹೆಜ್ಜೆ ಹಿಂದೆ ನಿಂತರಂತೆ. “ಧೈರ್ಯ ಅಷ್ಟೇ ಅವರಿಗೆ” ಅಂತ ಅಕ್ಕ ಈಗಲೂ ನಗುತ್ತಾಳೆ.

ನಾವು ಹೋದ ದಿನ ಸಂಜೆಯೇ ಒಬ್ಬರು ಬಂದರು. ಅದೇ ಬೀದಿಯ ಕೊನೆಯಲ್ಲಿ ಸಣ್ಣ ಹೋಟೆಲು ಇಟ್ಟವರು. “ಅಮ್ಮಾವ್ರು ಹೊರಟರಂತೆ. ಎರಡು ಸಿಲಿಂಡರು, ರೆಗ್ಯುಲೇಟರು ನನಗೇ ಕೊಟ್ಟುಬಿಡಿ, ಐದು ಸಾವಿರ ಈಗಲೇ ಕೈಗೆ ಕೊಡ್ತೀನಿ. ಏಜೆನ್ಸಿಗೆ ಕೊಟ್ಟರೆ ನಿಮಗೆ ಬಿಡಿಗಾಸು ಬರತ್ತೆ” ಅಂದರು. ಅವರ ಲೆಕ್ಕವೇನೋ ಸುಳ್ಳಲ್ಲ. ಅಕ್ಕ ನನ್ನ ಮುಖ ನೋಡಿದಳು.

ನಾನು ಆಗುವುದಿಲ್ಲ ಎಂದೆ. ಮಕ್ಕಳೇ, ಇದನ್ನು ಸ್ವಲ್ಪ ಗಮನವಿಟ್ಟು ಓದಿ. ಮನೆಯಲ್ಲಿರುವ ಸಿಲಿಂಡರ್ ನಮ್ಮದಲ್ಲ. ರೆಗ್ಯುಲೇಟರೂ ನಮ್ಮದಲ್ಲ. ಎರಡೂ ಕಂಪನಿಯ ಸೊತ್ತು. ನಾವು ಠೇವಣಿ ಇಟ್ಟು ಬಳಸಲು ತಂದುಕೊಂಡಿರುತ್ತೇವೆ, ಲೈಬ್ರರಿಯಿಂದ ಪುಸ್ತಕ ತಂದ ಹಾಗೆ. ಒಲೆ ನಮ್ಮದು, ರಬ್ಬರ್ ಟ್ಯೂಬ್ ನಮ್ಮದು, ಒಳಗಿರುವ 14.2 ಕಿಲೋ ಗ್ಯಾಸು ನಮ್ಮದು. ನಮ್ಮದಲ್ಲದ್ದನ್ನು ಮಾರುವುದು ಹೇಗೆ? ಅದೂ ಅಲ್ಲದೆ ಮನೆಯ ಕೆಂಪು ಸಿಲಿಂಡರನ್ನು ಹೋಟೆಲಿನಲ್ಲಿ ಉರಿಸುವಂತಿಲ್ಲ. ಅಂಗಡಿ ಹೋಟೆಲುಗಳಿಗೆ 19 ಕಿಲೋದ ಬೇರೆ ಸಿಲಿಂಡರೇ ಇದೆ. ನಾಳೆ ಅಲ್ಲಿ ಏನಾದರೂ ಅನಾಹುತವಾಗಿ ಪೊಲೀಸರು ಬಂದು ಇದು ಯಾರ ಸಂಪರ್ಕದ್ದು ಅಂತ ಹುಡುಕಿದರೆ, ಸಿಗುವುದು ಮೇಷ್ಟ್ರ ಹೆಸರು. ನಾಲ್ಕು ವರ್ಷ ಸರದಿಯಲ್ಲಿ ನಿಂತ ಮನುಷ್ಯನ ಹೆಸರು. ಈ ಮಾತು ಕೇಳಿದ ಮೇಲೆ ಅಕ್ಕ ಹೋಟೆಲಿನವರಿಗೆ ಕಾಫಿ ಕೊಟ್ಟು ಕಳಿಸಿದಳು.

ಮರುದಿನ ಏಜೆನ್ಸಿಗೆ ಹೋದೆವು. ಕೌಂಟರಿನ ಹಿಂದೆ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ವಿಷಯ ಹೇಳಿದೆ. ಅವಳು ಕಂಪ್ಯೂಟರ್ ನೋಡಿ, “ಗ್ರಾಹಕರು ಬಂದು ಸಹಿ ಹಾಕಬೇಕು ಸಾರ್” ಎಂದಳು. ಅವರು ಇಲ್ಲಮ್ಮ ಎಂದೆ. “ಹಾಗಾದರೆ ಮೊದಲು ವಾರಸುದಾರರ ಹೆಸರಿಗೆ ಆಗಬೇಕು. ಆಮೇಲೆ ಅವರು ಸರೆಂಡರ್ ಮಾಡಬಹುದು” ಎಂದಳು.

ಅಕ್ಕನಿಗೆ ಸಿಟ್ಟು ಬಂತು. “ವಾಪಸ್ ಕೊಡೋ ವಸ್ತೂನ ಮೊದಲು ನನ್ನ ಹೆಸರಿಗೆ ಮಾಡ್ಕೋಬೇಕಾ? ಇದ್ಯಾವ ನ್ಯಾಯ?” ಅಂದಳು. ನಾನು ಮಾತ್ರ ಒಳಗೊಳಗೇ ಆ ಹುಡುಗಿಗೆ ಶಹಬ್ಬಾಸ್ ಎಂದೆ. ಬ್ಯಾಂಕಿನಲ್ಲಿ ನಾನು ಇದೇ ಮಾತನ್ನು ಎಷ್ಟು ಮಂದಿಗೆ ಹೇಳಿ ಎಷ್ಟು ಮಂದಿಯಿಂದ ಬೈಸಿಕೊಂಡಿಲ್ಲ! ಠೇವಣಿ ಇಟ್ಟವರು ತೀರಿಕೊಂಡರೆ, ಆ ಹಣ ಯಾರಿಗೆ ಸೇರಬೇಕು ಅಂತ ಕಾಗದದಲ್ಲಿ ತೀರ್ಮಾನ ಆಗದೆ ಕೊಡುವ ಹಾಗಿಲ್ಲ. ಹಣ ಹತ್ತು ರೂಪಾಯಿ ಇರಲಿ, ಹತ್ತು ಲಕ್ಷ ಇರಲಿ, ಕ್ರಮ ಅದೇ.

ಬೇಕಾದ ಕಾಗದಗಳು ಇವು: ಮರಣ ಪ್ರಮಾಣಪತ್ರ, ಅಕ್ಕನ ಆಧಾರ್, ವಿಳಾಸದ ದಾಖಲೆ, ಮಕ್ಕಳಿಬ್ಬರಿಂದ ನಮ್ಮ ಆಕ್ಷೇಪಣೆ ಇಲ್ಲ ಅಂತ ಸಹಿ ಮಾಡಿದ ಪತ್ರ, ಗ್ಯಾಸಿನ ಪುಸ್ತಕ, ಮತ್ತೆ ಎಸ್‌ವಿ. ಎಸ್‌ವಿ ಅಂದರೆ ಸಬ್‌ಸ್ಕ್ರಿಪ್ಷನ್ ವೋಚರ್. ಸಂಪರ್ಕ ಕೊಟ್ಟ ದಿನ ಕಂಪನಿ ಕೊಡುವ ಚೀಟಿ. ಎಷ್ಟು ಸಿಲಿಂಡರ್, ಎಷ್ಟು ರೆಗ್ಯುಲೇಟರ್, ಅವಕ್ಕೆ ಎಷ್ಟು ಠೇವಣಿ ಅಂತ ಅದರಲ್ಲಿ ಬರೆದಿರುತ್ತದೆ. ಬ್ಯಾಂಕಿನ ಎಫ್‌ಡಿ ಬಾಂಡು ಇದ್ದ ಹಾಗೆ. ಬಹಳ ಮಂದಿ ಗ್ಯಾಸಿನ ಪುಸ್ತಕವನ್ನು ಜೋಪಾನವಾಗಿ ಇಟ್ಟುಕೊಂಡು, ಈ ಚೀಟಿಯನ್ನು ಎಲ್ಲೋ ಬಿಟ್ಟಿರುತ್ತಾರೆ. ಕಳೆದುಹೋದರೆ ಕೆಲಸ ನಿಲ್ಲುವುದಿಲ್ಲ, ಕಳೆದಿದೆ ಅಂತ ಬರೆದುಕೊಡಬೇಕಾಗುತ್ತದೆ. ಆದರೆ ಅದು ಇನ್ನೊಂದು ಓಡಾಟ.

ಅಕ್ಕನ ಮನೆಯ ಟ್ರಂಕು, ಬೀರು, ದೇವರ ಮನೆಯ ಹಲಗೆ ಎಲ್ಲ ಹುಡುಕಿದೆವು. ಸಿಕ್ಕಿದ್ದು ಭಾವನ ಹಳೆಯ ಖರ್ಚಿನ ಪುಸ್ತಕದಲ್ಲಿ. 1991ರ ಆ ದಿನದ ಪುಟಕ್ಕೇ ಗುಂಡುಸೂಜಿ ಚುಚ್ಚಿ ಸೇರಿಸಿದ್ದರು. ಸೂಜಿ ತುಕ್ಕು ಹಿಡಿದು ಕಾಗದದ ಮೇಲೆ ಕಂದು ಕಲೆ ಬಿದ್ದಿತ್ತು. ಪಕ್ಕದಲ್ಲಿ ಅವರ ದುಂಡಗಿನ ಅಕ್ಷರ. ಆಮೇಲೆ ಎರಡನೇ ಸಿಲಿಂಡರ್ ತೆಗೆದುಕೊಂಡಾಗಿನ ಚೀಟಿಯೂ ಬೇರೆ ಪುಸ್ತಕದಲ್ಲಿ ಹಾಗೆಯೇ ಇತ್ತು. ಅಕ್ಕ ಆ ಸಂಜೆ ಗ್ಯಾಸಿನ ವಿಚಾರ ಬಿಟ್ಟು ಖರ್ಚಿನ ಪುಸ್ತಕವನ್ನೇ ಓದುತ್ತ ಕೂತಳು. “ನೋಡೋ, ನಿಮ್ಮ ಮದುವೆಗೆ ಬಂದಾಗ ಬಸ್ ಚಾರ್ಜು ಎಷ್ಟು ಅಂತ ಬರ್ದಿದ್ದಾರೆ” ಅಂತ ನನಗೂ ತೋರಿಸಿದಳು. ಉಡುಗೊರೆ ಎಷ್ಟು ಅಂತಲೂ ಬರೆದಿದ್ದರು. ಅದನ್ನು ನಾನು ಇಲ್ಲಿ ಹೇಳುವುದಿಲ್ಲ.

ಇನ್ನು ಸಿಲಿಂಡರ್ ಪರೀಕ್ಷೆ. ಕೊಡುವ ಮೊದಲು ಒಮ್ಮೆ ನೋಡೋಣ ಅಂತ ಮೊಮ್ಮಗನನ್ನು ಕರೆದು ಕಲಿಸಿದೆ. ಸಿಲಿಂಡರಿನ ಮೇಲ್ಭಾಗದಲ್ಲಿ ಹಿಡಿಯ ಕೆಳಗೆ ಉದ್ದದ ಪಟ್ಟಿಗಳಿರುತ್ತವೆ. ಒಂದರ ಒಳಮುಖದಲ್ಲಿ ಇಂಗ್ಲಿಷಿನ ಎ, ಬಿ, ಸಿ, ಡಿಗಳಲ್ಲಿ ಒಂದಕ್ಷರ, ಮುಂದೆ ಎರಡಂಕಿ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಏಪ್ರಿಲ್‌ನಿಂದ ಜೂನ್, ಸಿ ಜುಲೈಯಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. ‘ಸಿ 28’ ಅಂತಿದ್ದರೆ 2028ರ ಸೆಪ್ಟೆಂಬರ್ ಒಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಿಸಬೇಕು. ಇನ್ನೊಂದು ಪಟ್ಟಿಯಲ್ಲಿ ಖಾಲಿ ಸಿಲಿಂಡರಿನ ತೂಕ ಕಿಲೋದಲ್ಲಿ ಇರುತ್ತದೆ. ಅದಕ್ಕೆ 14.2 ಸೇರಿಸಿದರೆ ತುಂಬಿದ ಸಿಲಿಂಡರಿನ ತೂಕ. ತಂದು ಕೊಡುವ ಹುಡುಗನ ಹತ್ತಿರ ತಕ್ಕಡಿ ಕೇಳಿ ತೂಗಿಸಿಕೊಳ್ಳುವುದು ನಮ್ಮ ಹಕ್ಕು. ನನ್ನ ಮೊಮ್ಮಗ ಈಗ ಕಂಡಕಂಡವರ ಮನೆಯ ಸಿಲಿಂಡರ್ ಮುಂದೆ ಬಗ್ಗಿ ನಿಲ್ಲುತ್ತಾನೆ.

ಅವನು ಅಂದು ಬಗ್ಗಿ ನೋಡಿ, “ತಾತ, ಇದರ ಮೇಲೆ ಬೇರೆ ಕಂಪನಿ ಹೆಸರಿದೆ” ಎಂದ.

ಹೌದು. ಉರಿಯುತ್ತಿದ್ದ ಸಿಲಿಂಡರ್ ನಮ್ಮ ಕಂಪನಿಯದು. ಮೂಲೆಯಲ್ಲಿ ಮುದ್ರೆ ಒಡೆಯದೆ ಇದ್ದ ತುಂಬಿದ ಸಿಲಿಂಡರ್ ಇನ್ನೊಂದು ಕಂಪನಿಯದು. ಇಂಡೇನ್, ಭಾರತ್ ಗ್ಯಾಸ್, ಎಚ್‌ಪಿ ಮೂರರದೂ ಮನೆಯ ಸಿಲಿಂಡರ್ ಕೆಂಪೇ. ವಯಸ್ಸಾದ ಕಣ್ಣಿಗೆ ಮೂರೂ ಒಂದೇ. ಅಕ್ಕ ನೆನಪು ಮಾಡಿಕೊಂಡಳು: ನಾಲ್ಕು ತಿಂಗಳ ಹಿಂದೆ ಎದುರು ಮನೆಯ ಗೃಹಪ್ರವೇಶಕ್ಕೆ ಸಿಲಿಂಡರ್ ಕಡ ಕೊಟ್ಟಿದ್ದಳು. ಅವರು ತುಂಬಿದ್ದನ್ನೇ ವಾಪಸ್ ತಂದಿಟ್ಟು ಹೋಗಿದ್ದರು. ಒಬ್ಬಳೇ ಇರುವವಳಿಗೆ ಒಂದು ಸಿಲಿಂಡರ್ ಐದು ತಿಂಗಳು ಬರುತ್ತದೆ, ಹಾಗಾಗಿ ಅದನ್ನು ಮುಟ್ಟುವ ಪ್ರಸಂಗವೇ ಬಂದಿರಲಿಲ್ಲ.

ಎದುರು ಮನೆಗೆ ಹೋದರೆ ಅಲ್ಲಿ ಹಿತ್ತಲಲ್ಲಿ ನಮ್ಮ ಸಿಲಿಂಡರ್ ಖಾಲಿ ನಿಂತಿತ್ತು. “ಗ್ಯಾಸಿನ ಹುಡುಗ ಇದನ್ನ ಮುಟ್ಟೋದಿಲ್ಲ ಅಂತಾನೆ ರೀ, ಯಾಕೆ ಅಂತ ಗೊತ್ತಾಗ್ದೆ ಇಟ್ಕೊಂಡಿದೀವಿ” ಅಂದರು ಆ ಮನೆಯಾಕೆ. ಅದಲು ಬದಲು ಮಾಡಿಕೊಂಡೆವು. ತುಂಬಿದ್ದನ್ನು ಕೊಟ್ಟು ಖಾಲಿಯದನ್ನು ತಂದದ್ದಕ್ಕೆ ಅವರು ಒಂದು ರೀಫಿಲ್ಲಿನ ಹಣ ಎಣಿಸಿ ಕೊಡಲು ಬಂದರು. ಅಕ್ಕ ಬೇಡವೇ ಬೇಡ ಅಂದಳು. ನಾನು ತೆಗೆದುಕೋ ಅಂದೆ. ತೆಗೆದುಕೊಂಡಳು. ಮೊಮ್ಮಗ ನೋಡದೆ ಇದ್ದಿದ್ದರೆ ಆ ಸಿಲಿಂಡರನ್ನು ಆಟೋದಲ್ಲಿ ಹಾಕಿಕೊಂಡು ಹೋಗಿ ಕೌಂಟರಿನಿಂದ ವಾಪಸ್ ತರಬೇಕಾಗುತ್ತಿತ್ತು. ರೆಗ್ಯುಲೇಟರಿಗೂ ಇದೇ ಮಾತು. ಅದರ ಮೇಲೂ ಕಂಪನಿಯ ಗುರುತಿರುತ್ತದೆ, ಅಂಗಡಿಯಲ್ಲಿ ಕೊಂಡ ಯಾವುದೋ ಒಂದನ್ನು ಕೊಟ್ಟರೆ ನಡೆಯುವುದಿಲ್ಲ.

ಈಗ ದುಡ್ಡಿನ ಮಾತು. ಠೇವಣಿ ಎಷ್ಟು ವಾಪಸ್ ಬರುತ್ತದೆ? ಅಂದು ಎಷ್ಟು ಕೊಟ್ಟಿದ್ದರೋ ಅಷ್ಟೇ. ಬಡ್ಡಿ ಇಲ್ಲ. ಭಾವ ಮೊದಲ ಸಿಲಿಂಡರಿಗೆ ಕೊಟ್ಟದ್ದು ಮೂರಂಕಿಯ ಮೊತ್ತ. 2022ರ ಜೂನ್ 16ರಿಂದ ಹೊಸ ಸಂಪರ್ಕಕ್ಕೆ ಒಂದು ಸಿಲಿಂಡರಿನ ಠೇವಣಿ 1,450ರಿಂದ 2,200 ರೂಪಾಯಿಗೆ, ರೆಗ್ಯುಲೇಟರಿನದು 150ರಿಂದ 250ಕ್ಕೆ ಏರಿತು. ಹೊಸಬರು ಹೆಚ್ಚು ಕೊಡುತ್ತಾರೆ ಅಂತ ಹಳಬರಿಗೆ ಹೆಚ್ಚು ಬರುವುದಿಲ್ಲ.

ಮೊಮ್ಮಗನಿಗೆ ಒಂದು ಲೆಕ್ಕ ಕೊಟ್ಟೆ. ಸುಮ್ಮನೆ ಉದಾಹರಣೆಗೆ ಸಾವಿರ ರೂಪಾಯಿ ಅಂತ ಇಟ್ಟುಕೋ. ಶೇಕಡಾ ಆರರ ಚಕ್ರಬಡ್ಡಿಯಲ್ಲಿ ಹಣ ಹನ್ನೆರಡು ವರ್ಷಕ್ಕೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. (ಎಪ್ಪತ್ತೆರಡನ್ನು ಬಡ್ಡಿಯ ದರದಿಂದ ಭಾಗಿಸಿದರೆ ಎಷ್ಟು ವರ್ಷ ಅಂತ ಸಿಗುತ್ತದೆ, ನಮ್ಮ ಹಳೆಯ ಮ್ಯಾನೇಜರರು ಕಲಿಸಿದ್ದು.) ಇಪ್ಪತ್ನಾಲ್ಕು ವರ್ಷಕ್ಕೆ ನಾಲ್ಕರಷ್ಟು. ಅಂದರೆ ಸಾವಿರ ಬ್ಯಾಂಕಿನಲ್ಲಿದ್ದರೆ ನಾಲ್ಕು ಸಾವಿರ, ಗ್ಯಾಸ್ ಕಂಪನಿಯಲ್ಲಿದ್ದರೆ ಸಾವಿರವೇ. “ಮೋಸ ಅಲ್ವಾ ತಾತ?” ಎಂದ. ಮೋಸ ಅನ್ನಲಾರೆ, ಇಷ್ಟು ವರ್ಷ ಸಿಲಿಂಡರಿಗೆ ಬಾಡಿಗೆ ಕೇಳಿಲ್ಲವಲ್ಲ, ಬಡ್ಡಿಯೇ ಬಾಡಿಗೆ ಅಂದುಕೋ ಎಂದೆ. ಆದರೆ ಕರೆಂಟಿನ ಠೇವಣಿಯ ವಿಷಯ ಬೇರೆ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ, ವಿದ್ಯುತ್ ಕಂಪನಿ ನಮ್ಮ ಠೇವಣಿಗೆ ಬಡ್ಡಿ ಕೊಡಲೇಬೇಕು. ವರ್ಷಕ್ಕೊಮ್ಮೆ ಬಿಲ್ಲಿನಲ್ಲೇ ಕಳೆದು ತೋರಿಸಿರುತ್ತಾರೆ. ನಾವು ಒಟ್ಟು ಮೊತ್ತ ಮಾತ್ರ ನೋಡಿ ಬಿಲ್ಲನ್ನು ಮೊಳೆಗೆ ಸಿಕ್ಕಿಸುತ್ತೇವೆ.

ಕರೆಂಟಿನ ಮಾತು ಬಂದದ್ದರಿಂದ ಅದನ್ನೂ ಹೇಳಿ ಮುಗಿಸುತ್ತೇನೆ. ಗ್ಯಾಸಿನಲ್ಲಿ ಏಜೆನ್ಸಿ ಹಿಡಿಸದಿದ್ದರೆ ಬೇರೆ ಏಜೆನ್ಸಿಗೆ ಹೋಗಬಹುದು. 2013-14ರಲ್ಲಿ, ನಮ್ಮ ವೀರಪ್ಪ ಮೊಯಿಲಿಯವರು ಪೆಟ್ರೋಲಿಯಂ ಮಂತ್ರಿಗಳಾಗಿದ್ದಾಗ, ಮೊಬೈಲ್ ಕಂಪನಿ ಬದಲಿಸುವ ಹಾಗೆ ಗ್ಯಾಸ್ ಕಂಪನಿಯನ್ನೇ ಬದಲಿಸುವ ಅವಕಾಶವೂ ಬಂತು. ಕರೆಂಟಿಗೆ ಮನೆಗಳವರಿಗೆ ಆ ಆಯ್ಕೆ ಇಲ್ಲ. ತಿಪಟೂರಿನವರಿಗೆ ಬೆಸ್ಕಾಂ, ಮಂಗಳೂರಿನವರಿಗೆ ಮೆಸ್ಕಾಂ, ಹುಬ್ಬಳ್ಳಿಯವರಿಗೆ ಹೆಸ್ಕಾಂ. ಅಕ್ಕ ಮನೆಯ ಕರೆಂಟನ್ನು ತೆಗೆಸಲಿಲ್ಲ, ಬಾಡಿಗೆಗೆ ಬರುವವರಿಗೆ ಬೇಕಲ್ಲ. ಆದರೆ ಗೃಹಜ್ಯೋತಿಗೆ ಆ ಮೀಟರಿನ ಆರ್.ಆರ್. ನಂಬರಿನ ಜೊತೆ ಅವಳ ಆಧಾರ್ ಜೋಡಣೆಯಾಗಿತ್ತು. ಅದನ್ನು ಬಿಡಿಸಿದೆವು. ಬಿಡಿಸದೆ ಹೋದರೆ ಹೊಸದಾಗಿ ಬಂದವರು ತಮ್ಮ ಆಧಾರ್ ಜೋಡಿಸುವಾಗ ತೊಡಕಾಗುತ್ತದೆ. ಮನೆ ಬದಲಿಸುವ ಬಾಡಿಗೆದಾರರೂ ಇದನ್ನು ಮರೆಯಬಾರದು.

ಕಾಗದ ಕೊಟ್ಟ ಮೇಲೆ ಕೆಲವು ದಿನಕ್ಕೆ ಸಂಪರ್ಕ ಅಕ್ಕನ ಹೆಸರಿಗೆ ಆಯಿತು. ಠೇವಣಿ ಹೆಚ್ಚು ಕೇಳಲಿಲ್ಲ, ಹಳೆಯದೇ ಮುಂದುವರಿಯಿತು. ಹೊಸ ಪುಸ್ತಕದ ಮೇಲೆ ಅವಳ ಹೆಸರು ಅಚ್ಚಾಗಿತ್ತು. ಅಕ್ಕ ಕನ್ನಡಕ ಹಾಕಿಕೊಂಡು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮನೆ ಭಾವನ ಹೆಸರಿನಲ್ಲಿತ್ತು, ಆಮೇಲೆ ಮಗನ ಹೆಸರಿಗೆ ಹೋಯಿತು. ಫೋನು ಭಾವನ ಹೆಸರಿನದು. “ಈ ಮನೇಲಿ ನನ್ನ ಹೆಸರಿಗೆ ಅಂತ ಬಂದದ್ದು ಇದೊಂದೇ ಕಣೋ. ಇದನ್ನೂ ವಾಪಸ್ ಕೊಡ್ಬೇಕಲ್ಲ” ಅಂದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಇಷ್ಟು ವರ್ಷ ಈ ವಿಚಾರ ನನ್ನ ತಲೆಗೂ ಹೊಳೆದಿರಲಿಲ್ಲ.

ಅದಾದ ಮೇಲೆ ಇನ್ನೊಂದು ಪ್ರಶ್ನೆ ಕೇಳಿದಳು. “ಬೆಂಗಳೂರು ಒಗ್ಗದೆ ನಾನು ವಾಪಸ್ ಬಂದ್ರೆ?”

ಇದು ಮುಖ್ಯವಾದ ಪ್ರಶ್ನೆ. ಊರು ಬಿಡುವ ಹಿರಿಯರೆಲ್ಲರ ಮನಸ್ಸಿನಲ್ಲಿ ಇರುವುದು, ಬಾಯಿಬಿಟ್ಟು ಕೇಳದೆ ಇರುವುದು. ಇದಕ್ಕೆ ಗ್ಯಾಸಿನ ಮಟ್ಟಿಗೆ ಉತ್ತರ ಇದೆ. ಅದೇ ಊರಿನಲ್ಲಿ ಮನೆ ಬದಲಿಸಿದರೆ ಸಿಲಿಂಡರನ್ನು ಕೊಡಬೇಕಾಗಿಲ್ಲ, ಹೊಸ ವಿಳಾಸದ ಏಜೆನ್ಸಿಗೆ ವರ್ಗ ಮಾಡಿಸಿಕೊಂಡರೆ ಸಾಕು. ಊರೇ ಬಿಡುವುದಾದರೆ ಸಿಲಿಂಡರ್, ರೆಗ್ಯುಲೇಟರ್ ಕೊಟ್ಟು ಠೇವಣಿ ಪಡೆದು, ಟಿವಿ ಎನ್ನುವ ಚೀಟಿ ತೆಗೆದುಕೊಳ್ಳಬೇಕು. ನೋಡುವ ಟಿವಿ ಅಲ್ಲ, ಅದೂ ಒಂದು ವೋಚರ್. ಇದನ್ನು ಎರಡು ರೀತಿಯಲ್ಲಿ ಬರೆಸಬಹುದು. ಸಂಪರ್ಕವೇ ಬೇಡ, ಮುಗಿಸಿ ಅಂತ ಒಂದು. ಬೇರೆ ಊರಿಗೆ ವರ್ಗ ಅಂತ ಇನ್ನೊಂದು. ವರ್ಗ ಅಂತ ಬರೆಸಿದ್ದರೆ, ಆ ಚೀಟಿ ತೋರಿಸಿ ವಾಪಸ್ ಪಡೆದಷ್ಟೇ ಠೇವಣಿ ಕಟ್ಟಿ ಇನ್ನೊಂದು ಕಡೆ ಸಂಪರ್ಕ ಪಡೆಯಬಹುದು, ಈಗಿನ 2,200 ಕಟ್ಟಬೇಕಿಲ್ಲ. ಆ ಚೀಟಿ ಎಷ್ಟು ದಿನ ನಡೆಯುತ್ತದೆ ಅಂತ ಕೌಂಟರಿನಲ್ಲೇ ಕೇಳಿ ಅದರ ಬೆನ್ನ ಮೇಲೆ ಬರೆದಿಟ್ಟುಕೊಳ್ಳಿ. “ಸರೆಂಡರ್” ಅಂತ ಮಾತ್ರ ಹೇಳಿ ಸುಮ್ಮನಾದರೆ ಮೊದಲನೆಯದನ್ನೇ ಬರೆದುಬಿಡುತ್ತಾರೆ. ಅವರ ತಪ್ಪಲ್ಲ, ನಾವು ಕೇಳಿದ್ದು ಅದನ್ನೇ.

ಅಕ್ಕ ವರ್ಗ ಅಂತಲೇ ಬರೆಸು ಅಂದಳು. ಉರಿಯುತ್ತಿದ್ದ ಸಿಲಿಂಡರ್ ಪೂರ್ತಿ ಖಾಲಿಯಾಗುವ ತನಕ ಕಾದೆವು, ಉಳಿದ ಗ್ಯಾಸಿಗೆ ದುಡ್ಡು ಬರುವುದಿಲ್ಲ ಅಂತ ಕೌಂಟರಿನ ಹುಡುಗಿ ಮೊದಲೇ ಹೇಳಿದ್ದಳು. ಖಾಲಿ ಮಾಡುವುದಕ್ಕೆಂದೇ ಅಕ್ಕ ಎರಡು ದಿನ ಕೂತು ಚಕ್ಕುಲಿ, ಕೋಡುಬಳೆ ಕರಿದಳು. ಹೆಸರಿಗೆ ಬಂದ ಎಂಟನೇ ದಿನ ಎರಡು ಸಿಲಿಂಡರೂ, ದಾರದಲ್ಲಿ ತೂಗುವ ಮುಚ್ಚಳ ಸಮೇತ, ಆಟೋ ಹತ್ತಿದವು. ಸಹಿ ಮಾಡುವಾಗ ಅಕ್ಕನ ಕೈ ನಡುಗಲಿಲ್ಲ. ಠೇವಣಿ ಅವಳ ಖಾತೆಗೆ ಬಂತು.

ಬೆಂಗಳೂರಿನ ಮಗನ ಮನೆಯಲ್ಲಿ ಪೈಪಿನ ಗ್ಯಾಸು. ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ 2013ರಲ್ಲಿ ಕೊಳವೆ ಬಂದ ಮೇಲೆ ಅಲ್ಲಿನ ಮನೆಗಳಿಗೂ ಅದು ಬರತೊಡಗಿತು. ಆ ಗ್ಯಾಸು ಬೇರೆ, ಸಿಲಿಂಡರಿನ ಗ್ಯಾಸು ಬೇರೆ. ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್, ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡುತ್ತದೆ. ಪೈಪಿನದು ಬಹುಪಾಲು ಮೀಥೇನ್, ಗಾಳಿಗಿಂತ ಹಗುರ, ಮೇಲಕ್ಕೆ ಹೋಗುತ್ತದೆ. ಎರಡಕ್ಕೂ ಸ್ವಂತ ವಾಸನೆ ಇಲ್ಲ, ಸೋರಿದ್ದು ಗೊತ್ತಾಗಲಿ ಅಂತ ನಾತ ಬೆರೆಸಿರುತ್ತಾರೆ. ಪೈಪಿನ ಗ್ಯಾಸಿನ ಒತ್ತಡವೂ ಶಾಖವೂ ಕಡಿಮೆಯಾದ್ದರಿಂದ ಒಲೆಯ ಒಳಗಿನ ಜೆಟ್ಟಿನ ತೂತು ದೊಡ್ಡದಿರಬೇಕು. ಅಕ್ಕ ತಿಪಟೂರಿನಿಂದ ಹಠ ಮಾಡಿ ತಂದ ತನ್ನ ಹಳೆಯ ಒಲೆಗೆ ಅದನ್ನು ಬದಲಿಸಿಕೊಡಲು ಕಂಪನಿಯವರೇ ಬಂದರು. ನಾವೇ ಕೈ ಹಾಕುವ ಕೆಲಸ ಅಲ್ಲ. ಬಿಲ್ಲು ಘನ ಮೀಟರಿನ ಲೆಕ್ಕದಲ್ಲಿ ಬರುತ್ತದೆ. ಒಂದು ಸಿಲಿಂಡರಿನಷ್ಟು ಅಡುಗೆಗೆ ಸುಮಾರು 18 ಘನ ಮೀಟರ್ ಬೇಕು ಅಂತ ಇಟ್ಟುಕೊಂಡರೆ ಎರಡನ್ನೂ ಹೋಲಿಸಿ ನೋಡಬಹುದು.

ಹೋದ ತಿಂಗಳು ನೋಡಲು ಹೋಗಿದ್ದೆ. ಅಕ್ಕ ಚೆನ್ನಾಗಿದ್ದಾಳೆ, ಬೆಳಿಗ್ಗೆಯ ಕಾಫಿ ಅವಳದೇ. ಆದರೆ ಒಲೆಯ ಕೆಳಗೆ ಈಗ ಅಕ್ಕಿಯ ಡಬ್ಬ ಇದೆ. ಹಾಲು ಉಕ್ಕಲು ಇಟ್ಟವಳು ಹಳೆಯ ಅಭ್ಯಾಸದಂತೆ ಬಗ್ಗಿ, ಡಬ್ಬವನ್ನು ಒಂದು ಸಲ ಅಲುಗಾಡಿಸಿ, “ಇದು ಯಾವಾಗ ಮುಗಿಯತ್ತೆ ಅಂತ ಗೊತ್ತಾಗೋದು ಹೇಗೋ? ಬುಕ್ ಮಾಡ್ಬೇಕಲ್ಲ” ಎಂದಳು. ಇದು ಮುಗಿಯುವುದಿಲ್ಲ ಅಕ್ಕ ಎಂದೆ. ಅವಳಿಗೆ ಅಷ್ಟೇನೂ ನಂಬಿಕೆ ಬಂದಂತೆ ಕಾಣಲಿಲ್ಲ. ಟಿವಿ ಚೀಟಿ ಎಲ್ಲಿಟ್ಟಿದ್ದೀ ಎಂದು ಕೇಳಿದೆ. ಒಳಗೆ ಹೋಗಿ ಭಾವನ 1991ರ ಖರ್ಚಿನ ಪುಸ್ತಕ ತಂದಳು. ಅದೇ ಪುಟ, ಹೊಸ ಗುಂಡುಸೂಜಿ.